ಮಧ್ಯಾಹ್ನಕ್ಕೆ ಬರುತ್ತಿದ್ದ ದೊಡ್ಡವ

ಕೊರೋನಾದ ಗದ್ದಲ ಮುಗಿದು ಜನ ಮತ್ತೆ ಮೂಗುಬಾಯಿ ತೋರಿಸಿಕೊಂಡು ಓಡಾಡತೊಡಗಿದ್ದ ವರ್ಷ ಅದು. ಸರ್ಕಾರಿ ನೌಕರಿಯಿಂದ ನಿವೃತ್ತಳಾಗಿದ್ದ ನಾನು ತಮಿಳುನಾಡಿನ ತೇನಿಯ ಒಂದು ಸಣ್ಣ ನೋವು ಶಮನ ಕ್ಲಿನಿಕ್ಕಿನಲ್ಲಿ ವೈದ್ಯೆಯಾಗಿದ್ದೆ. ಅದಕ್ಕೆ ಮೊದಲು ನನ್ನ ನೌಕರಿಯ ಬಹುಪಾಲು ಕಳೆದದ್ದು ದಿಂಡಿಗಲ್ಲಿನಲ್ಲಿ, ಅರಿವಳಿಕೆ ತಜ್ಞೆಯಾಗಿ. ಆಪರೇಷನ್‌ಗೆ ಮುಂಚೆ ರೋಗಿಯನ್ನು ಮಲಗಿಸಿ, ಮುಗಿದ ಮೇಲೆ ಎಬ್ಬಿಸುವ ಕೆಲಸ. ಹೆಸರೆಲ್ಲ ಸರ್ಜನ್‌ಗೆ ಹೋಗುತ್ತದೆ, ರೋಗಿ ಏಳದಿದ್ದರೆ ಮಾತ್ರ ನಮ್ಮನ್ನು ಹುಡುಕುತ್ತಾರೆ. ಆ ಕೆಲಸದಿಂದ ನನಗೆ ಉಳಿದುಬಂದ ಅಭ್ಯಾಸವೆಂದರೆ ಎದುರಿಗೆ ಯಾರು ಮಲಗಿದ್ದರೂ ಅವರ ಉಸಿರನ್ನು ಗಮನಿಸುವುದು. ಬಸ್ಸಿನಲ್ಲಿ ಪಕ್ಕದವರು ತೂಕಡಿಸಿದರೂ ನನ್ನ ಕಣ್ಣು ಅವರ ಎದೆಯ ಮೇಲೆ ಹೋಗುತ್ತದೆ, ಬೈಸಿಕೊಂಡದ್ದೂ ಉಂಟು.

ನನ್ನ ಕನ್ನಡದ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮದು ಪೆರಿಯಕುಳಂ ಕಡೆಯ ಮಾವಿನ ತೋಟದ ಮನೆ. ಎಷ್ಟೋ ತಲೆಮಾರಿನ ಹಿಂದೆ ಬಂದು ನೆಲೆಸಿದ ಕನ್ನಡದ ಒಕ್ಕಲು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಓದುಬರಹದ ಕನ್ನಡ ಕಲಿತದ್ದು ಮೈಸೂರಿನಲ್ಲಿ ಮೆಡಿಕಲ್ ಓದುವಾಗ. ಅಲ್ಲಿನ ಗೆಳತಿಯರು ನನ್ನ ಮನೆಮಾತು ಕೇಳಿ, ಯಾವ ಶಾಸನದೊಳಗಿಂದ ಎದ್ದು ಬಂದೆ ಎಂದು ಚುಡಾಯಿಸುತ್ತಿದ್ದರು. ಈಗ ನಮ್ಮ ಕಡೆ ಆ ಮಾತು ಸೊರಗುತ್ತಿದೆ. ಹುಡುಗರಿಗೆ ಕೇಳಿದರೆ ಅರ್ಥವಾಗುತ್ತದೆ, ಬಾಯಿ ತೆರೆದರೆ ಬರುವುದು ತಮಿಳು. ನಾನು ಹೇಳಹೊರಟಿರುವ ಘಟನೆ ನನ್ನನ್ನು ಈಗಲೂ ಬೆವರಿಸುವುದಕ್ಕೆ ಇದೇ ಕಾರಣ.

ಆಡಿ ತಿಂಗಳು, ಅಂದರೆ ಆಷಾಢ. ಕುಮಿಳಿ ಘಾಟಿಯಿಂದ ಇಳಿದು ಬರುವ ಗಾಳಿ ಕಂಬಂ ಕಣಿವೆಯನ್ನೆಲ್ಲ ಅಲ್ಲಾಡಿಸುವ ಕಾಲ. ಕಂಬಂ ಹತ್ತಿರದ ಊರಿನಿಂದ ರಂಗಸಾಮಿ ಎಂಬ ದ್ರಾಕ್ಷಿ ವ್ಯಾಪಾರಿ ಕ್ಲಿನಿಕ್ಕಿಗೆ ಬಂದರು. ಜೇಬಿನಿಂದ ಒಂದು ಖಾಲಿ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟು, ತಮ್ಮ ಅಕ್ಕನ ಮಗನಿಗೆ ಇದೇ ಬೇಕು, ಬೇರೇನೂ ಬೇಡ ಎಂದರು.

ಅದು ಫೆಂಟನಿಲ್ ಪ್ಯಾಚ್. ಅಫೀಮಿನ ಗುಂಪಿಗೆ ಸೇರಿದ ಬಲವಾದ ನೋವುನಿವಾರಕವನ್ನು ತೆಳ್ಳಗಿನ ಪಟ್ಟಿಯೊಂದರಲ್ಲಿ ತುಂಬಿರುತ್ತಾರೆ. ಚರ್ಮಕ್ಕೆ ಅಂಟಿಸಿದರೆ ಔಷಧ ಮೂರು ದಿನ ಸ್ವಲ್ಪಸ್ವಲ್ಪವಾಗಿ ಒಳಗೆ ಇಳಿಯುತ್ತದೆ. ಇವರದು ಗಂಟೆಗೆ ಐವತ್ತು ಮೈಕ್ರೋಗ್ರಾಂ ಇಳಿಸುವಂಥದ್ದು. ಎಲ್ಲ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ಪರವಾನಗಿ ಇರುವ ನಮ್ಮಂಥ ಕಡೆ ಮಾತ್ರ ಸಿಗುತ್ತದೆ. ಮಾತ್ರೆಗೆ ಬದಲಾಯಿಸಬಹುದು ಎಂದು ನಾನು ಹೇಳಿದೆ. ರಂಗಸಾಮಿ ತಲೆಯಾಡಿಸಿದರು.

"ಆಗಕಿಲ್ಲ ಡಾಕ್ಟ್ರಮ್ಮ. ಅಕ್ಕ ಒಪ್ಪಕಿಲ್ಲ."

"ನೋವು ಹುಡುಗನದ್ದಾ, ಅಕ್ಕನದ್ದಾ?" ಎಂದು ಕೇಳಿದೆ. ಕುಹಕಕ್ಕೆ ಕೇಳಿದ ಪ್ರಶ್ನೆ. ಅವರು ಪೊಟ್ಟಣವನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

ಔಷಧದ ಹೆಸರು ಹಿಡಿದು ಹಟ ಮಾಡಿದರೆ ನಮ್ಮ ವೃತ್ತಿಯಲ್ಲಿ ಮೊದಲು ಬರುವ ಅನುಮಾನ ಚಟದ್ದು. ಹುಡುಗನನ್ನು ಕರೆತನ್ನಿ, ನೋಡದೆ ಕೊಡುವುದಿಲ್ಲ ಎಂದೆ. ಮಾರನೆಯ ದಿನವೇ ಬೆಳಿಗ್ಗೆ ಕಾರಿನ ಸೀಟು ಹಿಂದಕ್ಕೆ ಬಾಗಿಸಿ ಮಲಗಿಸಿಕೊಂಡು ಬಂದರು.

ಹುಡುಗನ ಹೆಸರು ಕಣ್ಣನ್. ಇಪ್ಪತ್ತೈದು ದಾಟಿರಲಿಲ್ಲ. ಅವನೂ ಅವನ ಅಣ್ಣ ಬೊಮ್ಮಯ್ಯನೂ ಓಮಾನಿನಲ್ಲಿ ಒಂದೇ ಕಡೆ ಎಲೆಕ್ಟ್ರಿಷಿಯನ್‌ಗಳಾಗಿದ್ದರು. ಮರುಭೂಮಿಯ ರಸ್ತೆಯಲ್ಲಿ ಅವರ ವ್ಯಾನ್ ನೀರಿನ ಟ್ಯಾಂಕರಿಗೆ ಗುದ್ದಿತು. ಅಣ್ಣ ಉಳಿಯಲಿಲ್ಲ. ಕಣ್ಣನ್‌ಗೆ ಸೊಂಟದ ಮೂಳೆ, ಎಡಗಡೆಯ ಪಕ್ಕೆಲುಬುಗಳು ಮುರಿದಿದ್ದವು. ಅಲ್ಲಿನ ಆಸ್ಪತ್ರೆಯವರು ಆಪರೇಷನ್ ಮಾಡಿ, ವಾರಗಟ್ಟಲೆ ನೋಡಿಕೊಂಡು, ದಾರಿಯಲ್ಲಿ ನೋವಾಗದಿರಲಿ ಎಂದು ಪ್ಯಾಚ್ ಅಂಟಿಸಿ, ಮುಂದಕ್ಕೂ ಒಂದಿಷ್ಟು ಕೊಟ್ಟು ಸ್ಟ್ರೆಚರಿನ ಮೇಲೆ ವಿಮಾನ ಹತ್ತಿಸಿದ್ದರು. ಔಷಧ ಸರಿಯಾಗಿತ್ತು, ಪ್ರಮಾಣವೂ ಸರಿಯಾಗಿತ್ತು. ಅವರ ಕೆಲಸದಲ್ಲಿ ನಾನು ಒಂದು ಕೊಂಕೂ ಹುಡುಕಲಾರೆ.

ಅಣ್ಣನ ದೇಹ ತಮ್ಮನಿಗಿಂತ ಮೊದಲೇ ಊರಿಗೆ ಬಂದಿತ್ತು. ಮುಖ ನೋಡುವ ಸ್ಥಿತಿಯಲ್ಲಿ ಇಲ್ಲ, ಪೆಟ್ಟಿಗೆ ಬಿಚ್ಚಬೇಡಿ ಎಂದು ಜೊತೆಗೆ ಬಂದವರು ಕೈಮುಗಿದಿದ್ದರು. ಮುಚ್ಚಿದ ಪೆಟ್ಟಿಗೆಯನ್ನೇ ತೋಟದ ಆಚೆ ಸುಟ್ಟರು. ಇದನ್ನೆಲ್ಲ ಹೇಳಿದ್ದು ರಂಗಸಾಮಿ. ತಾಯಿ ವೀರಮ್ಮ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು, ಬೇರೆ ಯಾರದೋ ಮನೆಯ ಸುದ್ದಿ ಕೇಳುವ ಹಾಗೆ.

ಕಣ್ಣನ್ ನನ್ನ ಪ್ರಶ್ನೆಗಳಿಗೆಲ್ಲ ತಮಿಳಿನಲ್ಲಿ ಉತ್ತರ ಕೊಟ್ಟ. ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲೇ. ಕೆಳದನಿಯ, ನಾಚಿಕೆಯ ಹುಡುಗ. ಎಡ ಹೆಗಲಿನ ಹಿಂದೆ ಪ್ಯಾಚ್ ನೆಟ್ಟಗೆ ಅಂಟಿತ್ತು. ಉಸಿರು ಸರಿಯಿತ್ತು, ಕಣ್ಣಪಾಪೆ ಸರಿಯಿತ್ತು, ನೋವು ಅರ್ಧಕ್ಕಿಂತ ಕಡಿಮೆಯಾಗಿತ್ತು. ಚಟದ ಲಕ್ಷಣ ಒಂದೂ ಇರಲಿಲ್ಲ. ಕೊನೆಗೆ ಅವನೇ ಹೇಳಿದ: ಬೆಳಿಗ್ಗೆಯೆಲ್ಲ ಚೆನ್ನಾಗಿರುತ್ತೇನೆ, ಊಟವಾದ ಮೇಲೆ ಸಂಜೆಯವರೆಗೆ ಏನೂ ನೆನಪಿರುವುದಿಲ್ಲ, ಎದ್ದಾಗ ಗಂಟಲು ಒಣಗಿರುತ್ತದೆ, ತುಂಬ ಮಾತಾಡಿದವನ ಹಾಗೆ.

ವೀರಮ್ಮ ಆಗ ಮೊದಲ ಸಲ ನನ್ನತ್ತ ತಿರುಗಿದರು. "ಇದೇ ಅಂಟ್ಸೋದ್ ಕೊಡಿ ಡಾಕ್ಟ್ರಮ್ಮ. ಬ್ಯಾರೆ ಬ್ಯಾಡ."

ಇನ್ನೂ ಎರಡು ಪ್ಯಾಚ್ ಮನೆಯಲ್ಲಿದ್ದವು. ಗುರುವಾರ ನಿಮ್ಮ ಕಡೆಯ ರೋಗಿಗಳ ಮನೆಗಳಿಗೆ ಬರುತ್ತೇನೆ, ಆಗ ನೋಡಿ ತೀರ್ಮಾನಿಸೋಣ ಎಂದೆ. ಬಾಗಿಲ ಹತ್ತಿರ ಹೋದ ವೀರಮ್ಮ ನಿಂತು ಹೇಳಿದರು: "ಬನ್ನಿ. ಉಚ್ಚಿ ಹೊತ್ಗೆ ಮಾತ್ರ ಬರ್ಬ್ಯಾಡಿ."

ಉಚ್ಚಿ ಅಂದರೆ ಸೂರ್ಯ ನೆತ್ತಿಯ ಮೇಲಿರುವ ಹೊತ್ತು. ನಮ್ಮ ಕಡೆ ಕತ್ತಲಿಗಿಂತ ಆ ಹೊತ್ತಿಗೆ ಹೆದರುವವರು ಹೆಚ್ಚು. ನೆರಳು ಕಾಲಡಿಗೆ ಸೇರಿಕೊಂಡು, ದಾರಿಯೆಲ್ಲ ಖಾಲಿಯಾಗಿ, ಬಾವಿಯ ಹತ್ತಿರ ಹೋಗಬೇಡ ಎಂದು ಮಕ್ಕಳನ್ನು ಗದರಿಸುವ ಹೊತ್ತು. ನನಗೆ ಬೇಡ ಎಂದ ಹೊತ್ತಿಗೇ ಹೋಗುವ ಚಾಳಿ ಮೊದಲಿನಿಂದಲೂ ಇದೆ.

ಗುರುವಾರ ನರ್ಸ್ ಜೆಸಿಂತಾಳೊಂದಿಗೆ ಜೀಪಿನಲ್ಲಿ ಹೋದೆ. ಮನೆ ದ್ರಾಕ್ಷಿ ಚಪ್ಪರದ ನಡುವೆ ಇತ್ತು. ಚಪ್ಪರದ ಕೆಳಗೆ ಕಾಲಿಟ್ಟರೆ ಮಟಮಟ ಮಧ್ಯಾಹ್ನವೂ ಹಸಿರಾಗುತ್ತದೆ, ಜೊತೆಯವರ ಮುಖವೂ ಹಸಿರು ಕಾಣುತ್ತದೆ. ಮೇಲೆ ಗಾಳಿ ಎಲೆಗಳನ್ನು ಬಡಿಯುತ್ತಿತ್ತು, ಕೆಳಗೆ ಒಂದು ಕಡ್ಡಿಯೂ ಅಲುಗುತ್ತಿರಲಿಲ್ಲ. ನಾಯಿಯೊಂದು ನಮ್ಮನ್ನು ನೋಡಿತು, ಬೊಗಳಲಿಲ್ಲ.

ಅಂಗಳ ತಲುಪುವ ಮೊದಲೇ ಒಬ್ಬ ಗಂಡಸಿನ ದನಿ ಕೇಳಿಸಿತು. ಕನ್ನಡ. ನನ್ನ ಅಜ್ಜಿಯ ಕಾಲದ ಕನ್ನಡ, ಒಂದು ತಮಿಳು ಮಾತೂ ಬೆರೆಯದೆ, ತಡವರಿಸದೆ ಹರಿಯುತ್ತಿತ್ತು.

"ಕಣ್ ಮುಚ್ಬ್ಯಾಡ. ಮಾತಾಡು. ನಮ್ ಬಾವಿ ತಾವ ಓಗಾನ, ಬಾ. ನೀರು ಎಷ್ಟ್ ತಣ್ಣಗೈತೆ ನೋಡು."

ಯಾರೋ ಹಿರಿಯ ನೆಂಟರು ಬಂದಿದ್ದಾರೆ ಎಂದುಕೊಂಡೆ. ಒಳಗೆ ಹೋದರೆ ನೆಂಟರು ಯಾರೂ ಇರಲಿಲ್ಲ. ಮಂಚದ ಮೇಲೆ ಕಣ್ಣನ್ ಬಲಮಗ್ಗುಲಾಗಿ ಮಲಗಿದ್ದ. ಕಣ್ಣು ಅರೆ ತೆರೆದಿತ್ತು, ನೋಟ ಗೋಡೆಯ ಮೇಲಿತ್ತು. ತುಟಿ ಮಾತ್ರ ಆಡುತ್ತಿತ್ತು. ಆ ದನಿ ಅವನ ಬಾಯಿಂದಲೇ ಬರುತ್ತಿತ್ತು. ಕ್ಲಿನಿಕ್ಕಿನಲ್ಲಿ ನಾಚಿಕೊಂಡು ತಮಿಳಾಡಿದ ಹುಡುಗನ ದನಿಗಿಂತ ದಪ್ಪ, ಅವನಿಗಿಂತ ವಯಸ್ಸಾದವನ ದನಿ.

ಬೆನ್ನ ಹಿಂದೆ ಕೂತಿದ್ದ ವೀರಮ್ಮ ತುಟಿಯ ಮೇಲೆ ಬೆರಳಿಟ್ಟರು. "ಮಾತಾಡ್ಬ್ಯಾಡಿ ಡಾಕ್ಟ್ರಮ್ಮ. ದೊಡ್ಡವ ಬಂದವ್ನೆ."

ಸಾವಿರಾರು ಜನರನ್ನು ಮಲಗಿಸಿ ಎಬ್ಬಿಸಿದವಳು, ಮತ್ತಿನಲ್ಲಿ ಜನ ಆಡುವ ಮಾತುಗಳನ್ನು ಕೇಳಿ ನಕ್ಕವಳು, ಆ ಗಳಿಗೆಯಲ್ಲಿ ನಾನು ನಿಜವಾಗಿ ಹೆದರಿದೆ. ಜೆಸಿಂತಾ ನನ್ನ ಸೀರೆಯ ಸೆರಗು ಹಿಡಿದುಕೊಂಡಿದ್ದಳು. ಅವಳಿಗೆ ಕನ್ನಡ ಬಾರದು, ಆದರೂ ಹಿಡಿದುಕೊಂಡಿದ್ದಳು.

"ಅವ್ವಾ," ಎಂದಿತು ದನಿ. "ಸಳಿ ಆಯ್ತದೆ."

"ಇರು ಕಂದಾ. ಬೆಚ್ಚಗ್ ಮಾಡ್ತೀನಿ ಇರು." ವೀರಮ್ಮ ಪಕ್ಕದ ಒಲೆಯ ಕಲ್ಲಿನ ಮೇಲಿಂದ ಒಂದು ಬಟ್ಟೆಯ ಗಂಟು ತೆಗೆದು ಕಣ್ಣನ್‌ನ ಎಡ ಬೆನ್ನಿಗೆ ಒತ್ತಿದರು. ಹರಳೆಣ್ಣೆಯಲ್ಲಿ ಹುರಿದ ನೊಚ್ಚಿ ಸೊಪ್ಪಿನ ವಾಸನೆ ಮುಖಕ್ಕೆ ಹೊಡೆಯಿತು. ಮೈಸೂರಿನಲ್ಲಿ ಲಕ್ಕಿ ಸೊಪ್ಪು ಎಂದು ಕರೆಯುವುದು ಇದನ್ನೇ. ಬಿದ್ದವರಿಗೆ, ಹೆತ್ತವರಿಗೆ, ಮೈಕೈ ನೋವಿಗೆ ನಮ್ಮ ಪ್ರತಿ ಮನೆಯಲ್ಲೂ ಈ ಸೊಪ್ಪಿನ ಶಾಖ ಕೊಡುತ್ತಾರೆ. ನನ್ನ ಅಜ್ಜಿ ನನಗೂ ಕೊಟ್ಟಿದ್ದಾಳೆ.

ದನಿ ಇನ್ನೇನೋ ಗುನುಗಿ ನಿಂತಿತು. ಆಗ ನನ್ನ ಹಳೆಯ ಅಭ್ಯಾಸ ಭಯಕ್ಕಿಂತ ಮೊದಲು ಎದ್ದಿತು: ಕಣ್ಣು ಹುಡುಗನ ಎದೆಯ ಮೇಲೆ ಹೋಯಿತು. ಎದೆ ಏಳುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಒಮ್ಮೆ ಎದ್ದು, ಮತ್ತೆ ನಿಂತಿತು. ಹತ್ತಿರ ಹೋಗಿ ರೆಪ್ಪೆ ಎತ್ತಿದೆ. ಕಣ್ಣಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಗಂಟು ಸರಿಸಿ ಬೆನ್ನು ಮುಟ್ಟಿದೆ. ಚರ್ಮ ಕೆಂಪಾಗಿ ಸುಡುತ್ತಿತ್ತು, ಆ ಸುಡುವ ಜಾಗದ ನಟ್ಟನಡುವೆ ಪ್ಯಾಚ್ ಇತ್ತು.

ಎಲ್ಲ ಒಮ್ಮೆಗೇ ತಿಳಿಯಿತು. ಬಿಸಿ ತಾಗಿದರೆ ಚರ್ಮದ ಕೆಳಗೆ ರಕ್ತದ ಓಡಾಟ ಹೆಚ್ಚುತ್ತದೆ. ಪ್ಯಾಚ್ ನಿಧಾನವಾಗಿ ಬಿಡಬೇಕಾದ ಔಷಧವನ್ನು ಸುರಿದುಬಿಡುತ್ತದೆ. ಮೊದಲು ಮಂಪರು, ಕನಸು, ಕನವರಿಕೆ. ಇನ್ನೂ ಹೆಚ್ಚಾದರೆ ಮಿದುಳು ಉಸಿರಾಡುವುದನ್ನೇ ಮರೆಯುತ್ತದೆ. ಪ್ರತಿ ಮಧ್ಯಾಹ್ನ ಊಟವಾದ ಮೇಲೆ ಮುರಿದ ಪಕ್ಕೆಲುಬಿಗೆ ಶಾಖ ಕೊಡುತ್ತಿದ್ದರು. ಶಾಖ ಕೊಟ್ಟರೆ ದೊಡ್ಡವ ಬರುತ್ತಿದ್ದ. ಬಂದವನು ಚಳಿ ಎನ್ನುತ್ತಿದ್ದ. ಚಳಿ ಎಂದರೆ ತಾಯಿ ಇನ್ನಷ್ಟು ಶಾಖ ಕೊಡುತ್ತಿದ್ದರು.

ಪ್ಯಾಚಿನ ಅಂಚಿಗೆ ಉಗುರು ಹಾಕಿದೆ. ವೀರಮ್ಮ ನನ್ನ ಮಣಿಕಟ್ಟು ಹಿಡಿದರು. ಹೊಲ ಗೆಯ್ದ ಕೈ, ಬಿಡಿಸಿಕೊಳ್ಳಲಾಗಲಿಲ್ಲ.

"ತಗೀಬ್ಯಾಡಿ. ಇದ್ ತಗುದ್ರೆ ಅವ ಬರಕಿಲ್ಲ. ಮೊಗ ಯಾರೂ ತೋರ್ಸ್ಲಿಲ್ಲ ನಂಗೆ. ಮಾತಾದ್ರೂ ಕೇಳ್ತೀನಿ, ಬುಡಿ."

ಔಷಧಶಾಸ್ತ್ರ ಹೇಳಲು ಹೊತ್ತಿರಲಿಲ್ಲ, ಹೇಳಿದ್ದರೂ ಆಕೆ ಕೇಳುತ್ತಿರಲಿಲ್ಲ. ನನ್ನ ಮಣಿಕಟ್ಟು ಹಿಡಿದಿದ್ದ ಆ ಕೈಯನ್ನೇ ಎಳೆದು ಕಣ್ಣನ್‌ನ ಎದೆಯ ಮೇಲೆ ಇಟ್ಟು ಅದುಮಿದೆ.

"ಅಕ್ಕಾ, ಉಸ್ರು ಬತ್ತದಾ ನೋಡಿ."

ಆಕೆ ಕಾದರು. ನಾನೂ ಕಾದೆ. ಚಪ್ಪರದ ಮೇಲೆ ಗಾಳಿ ಬಡಿಯುವುದು ಕೇಳುತ್ತಿತ್ತು. ಅಂಗೈ ಕೆಳಗೆ ಏನೂ ಅಲುಗಲಿಲ್ಲ. ವೀರಮ್ಮನ ಮುಖ ಬದಲಾಗುವುದನ್ನು ನೋಡಿದೆ. ಮುಚ್ಚಿದ ಪೆಟ್ಟಿಗೆಯ ಮುಂದೆ ನಿಂತಾಗ ಹೇಗಿದ್ದಿರಬೇಕೋ ಆ ಮುಖ ಅದು.

"ಚಿಕ್ಕೋನೂ ಓಗ್ತಾವ್ನೆ," ಎಂದರು. ಇನ್ನೊಂದು ಕೈಯಲ್ಲಿದ್ದ ಸೊಪ್ಪಿನ ಗಂಟನ್ನು ಬಾಗಿಲಾಚೆ ಎಸೆದರು. ಪ್ಯಾಚನ್ನು ಕಿತ್ತದ್ದೂ ಅವರೇ.

ಆಮೇಲಿನದು ನನ್ನ ಹಳೆಯ ಕೆಲಸ. ಅಂಗಾತ ತಿರುಗಿಸಿ, ಗದ್ದ ಎತ್ತಿ, ಅಂಬು ಬ್ಯಾಗಿನಿಂದ, ಅಂದರೆ ಮುಖಕ್ಕಿಟ್ಟು ಕೈಯಲ್ಲಿ ಒತ್ತುವ ರಬ್ಬರ್ ಚೀಲದಿಂದ, ಉಸಿರು ಕೊಟ್ಟೆ. ಜೆಸಿಂತಾ ಒಂದೇ ಯತ್ನಕ್ಕೆ ರಕ್ತನಾಳಕ್ಕೆ ಸೂಜಿ ಹಾಕಿದಳು. ನಾಲಾಕ್ಸೋನ್ ಎಂಬ ಮದ್ದು ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಅದು ಅಫೀಮಿನ ಗುಂಪಿನ ಔಷಧಗಳನ್ನು ಅವು ಕೂತ ಜಾಗದಿಂದ ಎಬ್ಬಿಸಿ ಓಡಿಸುತ್ತದೆ. ಒಮ್ಮೆಗೇ ಕೊಟ್ಟರೆ ಉಸಿರಿನ ಜೊತೆ ಅಷ್ಟೂ ನೋವು ಎದ್ದುಬಿಡುತ್ತದೆ. ಅದಕ್ಕೆ ಸಲೈನಿನಲ್ಲಿ ತೆಳುಮಾಡಿ ಸ್ವಲ್ಪಸ್ವಲ್ಪವೇ ಕೊಟ್ಟೆ. ಮೂರನೆಯ ಸಲಕ್ಕೆ ಎದೆ ತಾನಾಗಿ ಎದ್ದಿತು. ಇನ್ನೊಂದಿಷ್ಟು ಹೊತ್ತಿಗೆ ಕಣ್ಣನ್ ಮುಖ ಹಿಂಡಿ ನರಳಿದ.

"ಅಮ್ಮಾ, ವಲಿಕ್ಕುದು ಅಮ್ಮಾ."

ತಮಿಳು. ನೋಯುತ್ತಿದೆ ಎಂದ. ಅವನದೇ ದನಿ. ರೋಗಿಯೊಬ್ಬ ನೋವು ಎಂದು ಅತ್ತದ್ದಕ್ಕೆ ನಾನು ಸಂತೋಷಪಟ್ಟದ್ದು ಅದೊಂದೇ ಸಲ. ವೀರಮ್ಮ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿ ಕೂತರು.

ಹಾಗೆಂದು ಮನೆಯಲ್ಲಿ ಬಿಟ್ಟು ಬರುವಂತಿರಲಿಲ್ಲ. ಚರ್ಮದ ಕೆಳಗೆ ಸೇರಿಕೊಂಡ ಔಷಧ ಪ್ಯಾಚ್ ತೆಗೆದ ಮೇಲೂ ಗಂಟೆಗಟ್ಟಲೆ ಇಳಿಯುತ್ತಿರುತ್ತದೆ, ನಾಲಾಕ್ಸೋನ್ ಅದಕ್ಕಿಂತ ಬೇಗ ಕರಗಿಹೋಗುತ್ತದೆ. ತೇನಿಯ ಆಸ್ಪತ್ರೆಗೆ ಸೇರಿಸಿ, ಡ್ರಿಪ್ ಹಾಕಿಸಿ, ಮಾನಿಟರ್ ಪಕ್ಕದಲ್ಲಿ ಕೂತೆ. ಓಮಾನಿನ ನರ್ಸ್ ಪ್ಯಾಚಿಗೆ ಬಿಸಿ ತಾಗಿಸಬೇಡಿ ಎಂದು ಹೇಳಿರಲಿಲ್ಲವೇ ಎಂದು ರಂಗಸಾಮಿಯವರನ್ನು ಕೇಳಿದೆ. ಹೇಳಿದ್ದರಂತೆ. ಅದಕ್ಕೇ ಬಿಸಿನೀರಿನ ಚೀಲ ಬೇಡವೆಂದು ಎತ್ತಿಟ್ಟಿದ್ದೆವು ಎಂದರು. "ನೊಚ್ಚಿ ಬಿಸಿ ಅಲ್ವಲ್ಲ ಡಾಕ್ಟ್ರಮ್ಮ, ಅದು ಸೊಪ್ಪು." ನಮ್ಮಜ್ಜಿಯೂ ಅದನ್ನೇ ಹೇಳುತ್ತಿದ್ದಳು.

ಮಾರನೆಯ ಬೆಳಿಗ್ಗೆ ಕಣ್ಣನ್ ಪೂರ್ತಿ ಎಚ್ಚರವಾಗಿದ್ದ. ಮಧ್ಯಾಹ್ನಗಳಲ್ಲಿ ತಾನೇನು ಮಾತಾಡುತ್ತಿದ್ದೆ ಎಂದು ಅವನಿಗೆ ಗೊತ್ತಿರಲಿಲ್ಲ. ನಾನು ಕೇಳಿದ ಮಾತುಗಳನ್ನು, ಬಾವಿಯ ಮಾತು, ಕಣ್ಣು ಮುಚ್ಚಬೇಡ ಎಂಬ ಮಾತು, ಹೇಳಿದಾಗ ಅವನ ತುಟಿ ಬಿಳಿಚಿಕೊಂಡಿತು. ಅದನ್ನು ಯಾರಿಗೂ ಹೇಳಿಲ್ಲ, ನಿಮಗೆ ಹೇಗೆ ಗೊತ್ತು ಎಂದ. ಆಮೇಲೆ ತಮಿಳಿನಲ್ಲಿ, ತುಂಡುತುಂಡಾಗಿ, ಎಲ್ಲ ಹೇಳಿದ. ಕಾಲ ಬಳಿ ಕೂತು ತಾಯಿ ಕೇಳುತ್ತಿದ್ದರು.

ವ್ಯಾನಿನ ತಗಡಿನೊಳಗೆ ಇಬ್ಬರೂ ಪಕ್ಕಪಕ್ಕ ಸಿಕ್ಕಿಕೊಂಡಿದ್ದರು. ಅಣ್ಣ ಮನೆಯಲ್ಲಿ ಮಾತಾಡುವ ಕನ್ನಡದಲ್ಲೇ ಒಂದೇ ಸಮ ಮಾತಾಡಿದ, ತಮ್ಮ ನಿದ್ದೆಹೋಗದಿರಲಿ ಎಂದು. ಬೆಳಕು ಇಳಿದಂತೆ ಚಳಿ ಎನ್ನತೊಡಗಿದ. ಆಂಬುಲೆನ್ಸ್ ಬಂತು. ಒಡೆದ ಕಿಟಕಿಯಿಂದ ಒಂದು ಕೈ ನೋವಿನ ಇಂಜೆಕ್ಷನ್ ಹಿಡಿದು ಒಳಗೆ ಬಂತು. ಮೊದಲು ಅಣ್ಣನಿಗೇ ಎಟುಕಿತ್ತು. ಅವನು ಆ ಕೈಯನ್ನು ತಮ್ಮನ ಕಡೆಗೆ ತಳ್ಳಿದ.

"ಅಣ್ಣ ನಿದ್ದೆ ಹೋಗಬೇಡ ಅಂದಿದ್ದ ಡಾಕ್ಟರ್. ಸೂಜಿ ಹಾಕಿದ್ದೇ ನಾನು ನಿದ್ದೆ ಹೋದೆ. ಅವನು ಒಬ್ಬನೇ ಆಗಿಬಿಟ್ಟ," ಎಂದ ಕಣ್ಣನ್. ಅವನು ತಿಂಗಳುಗಳಿಂದ ಹೊತ್ತು ತಿರುಗುತ್ತಿದ್ದದ್ದು ಇದನ್ನು. ಪಕ್ಕೆಲುಬಿನ ನೋವು ಇದರ ಮುಂದೆ ಏನೂ ಅಲ್ಲ.

ವೀರಮ್ಮ ಎದ್ದು ಬಂದು ಮಗನ ತಲೆ ಹಿಡಿದುಕೊಂಡರು. "ಇಲ್ಲ ಕಣೋ. ನಾ ಕೇಳಿವ್ನಿ, ದಿನಾ ಕೇಳಿವ್ನಿ. 'ತಮ್ಮ ನಿದ್ದೆ ಓದ. ಬುಡಿ, ಎಬ್ಬಿಸ್ಬ್ಯಾಡಿ. ನೋವಿಲ್ದೆ ಮಲ್ಗ್ಲಿ' ಅಂದ ನಿಮ್ಮಣ್ಣ. ಅದೇ ಕಡೇ ಮಾತು. ಅದಾದ್ ಮ್ಯಾಕೆ ಸಳಿ ಸಳಿ ಅಂತಿದ್ದ, ಅಷ್ಟೇ."

ಕಣ್ಣನ್ ಅಷ್ಟು ದೊಡ್ಡ ಹುಡುಗ, ತಾಯಿಯ ಹೊಟ್ಟೆಗೆ ಮುಖವಿಟ್ಟು ಅತ್ತ. ಪಕ್ಕೆಲುಬು ನೋಯುತ್ತಿದ್ದರೂ ಅತ್ತ. ನಾನು ಮಾನಿಟರ್ ನೋಡುವ ನೆಪದಲ್ಲಿ ಆಚೆ ತಿರುಗಿದೆ.

ಇದಕ್ಕೆ ನಾನು ವಿವರಣೆ ಕೊಡಬಲ್ಲೆ. ಮತ್ತಿನಲ್ಲಿ ಎಲ್ಲಕ್ಕಿಂತ ಕೊನೆಗೆ ಮಲಗುವುದು ಕಿವಿ. ಇಂಜೆಕ್ಷನ್ ಆದಮೇಲೂ ಅವನ ಕಿವಿ ಅಣ್ಣನ ಮಾತನ್ನು ಹಿಡಿದಿಟ್ಟಿರಬಹುದು, ಬಾಯಿಗೆ ಬಾರದಿದ್ದ ಮನೆಮಾತು ಒಳಗೆಲ್ಲೋ ಪೂರ್ತಿ ಇದ್ದಿರಬಹುದು. ಅಥವಾ ತನಗೆ ಬೇಕಾಗಿದ್ದ ಕ್ಷಮೆಯನ್ನು ಅವನೇ ಕಟ್ಟಿಕೊಂಡಿರಬಹುದು. ಕೇಸ್ ಶೀಟಿನಲ್ಲಿ ನಾನು ಬರೆದದ್ದು ಉಸಿರು, ಕಣ್ಣಪಾಪೆ, ಶಾಖ, ಇಷ್ಟೇ. ಆದರೆ ಆ ಬೆಳಿಗ್ಗೆಯೇ ಪರೀಕ್ಷಿಸೋಣವೆಂದು, ಬಾವಿಯ ನೀರು ತಣ್ಣಗಿದೆ ಎಂದು ಕನ್ನಡದಲ್ಲಿ ಹೇಳು ನೋಡೋಣ ಎಂದೆ. "ಕೆಣತ್ತು ನೀರು... ತಣ್ಣಗೆ... ಇರ್ದು..." ಎಂದು ಅರ್ಧ ತಮಿಳಿನಲ್ಲೇ ತಡವರಿಸಿ ಸೋತ. ನಾನು ಕೇಳಿದ ಆ ಹರಿಯುವ ದನಿಯ ಪಕ್ಕದಲ್ಲಿ ಈ ತೊದಲನ್ನು ಇಟ್ಟು ನೋಡಿದಾಗ ನನ್ನ ವಿವರಣೆ ನನಗೇ ಪೂರ್ತಿ ಸಾಲುವುದಿಲ್ಲ. ಈಗಲೂ ಸಾಲುವುದಿಲ್ಲ.

ಅವನಿಗೆ ಪ್ಯಾಚ್ ಮತ್ತೆ ಕೊಡಲಿಲ್ಲ. ಮಾತ್ರೆಗೆ ಬದಲಾಯಿಸಿ ನಿಧಾನವಾಗಿ ಇಳಿಸಿದೆ. ಬೇರೆಯವರಿಗೆ ಕೊಡುವಾಗ ಬಿಸಿ ಬೇಡ ಎಂದಷ್ಟೇ ಹೇಳಿ ಸುಮ್ಮನಾಗುವುದನ್ನು ಬಿಟ್ಟಿದ್ದೇನೆ. ನೊಚ್ಚಿ, ಉಪ್ಪಿನ ಗಂಟು, ಕಾಸಿದ ಇಟ್ಟಿಗೆ, ಎಣ್ಣೆಸ್ನಾನ ಎಂದು ಒಂದೊಂದರ ಹೆಸರು ಹಿಡಿದು ಹೇಳುತ್ತೇನೆ. ಇನ್ನೊಂದು ಪಾಠವನ್ನು ಯಾವ ಕಾಲೇಜಿನಲ್ಲೂ ಕಲಿಸಿರಲಿಲ್ಲ. ನೋವು ಹುಡುಗನದ್ದಾ, ಅಕ್ಕನದ್ದಾ ಎಂದು ರಂಗಸಾಮಿಯವರನ್ನು ಕುಹಕಕ್ಕೆ ಕೇಳಿದ್ದೆನಲ್ಲ, ಈಗ ಅದನ್ನು ಪ್ರತಿ ಮನೆಯಲ್ಲೂ ನಿಜವಾಗಿ ಕೇಳುತ್ತೇನೆ. ಮಂಚದ ಮೇಲಿದ್ದವನಿಗೆ ಎರಡು ದೇಶದ ವೈದ್ಯರು ಮದ್ದು ಕೊಟ್ಟಿದ್ದರು. ಪಕ್ಕದಲ್ಲಿ ಕೂತವಳನ್ನು ಯಾರೂ ವಿಚಾರಿಸಿರಲಿಲ್ಲ.

ಪೊಂಗಲ್ ಕಳೆದ ಮೇಲೆ ಕಣ್ಣನ್ ವಾಕರ್ ಹಿಡಿದು ತಾನೇ ನಡೆದು ಕ್ಲಿನಿಕ್ಕಿಗೆ ಬಂದ. ಗಾಳಿಯ ಕಾಲ ಮುಗಿದಿತ್ತು. ವೀರಮ್ಮ ಒಂದು ಬುಟ್ಟಿ ಕಪ್ಪು ದ್ರಾಕ್ಷಿ ತಂದಿದ್ದರು. ನೋವು ಹೇಗಿದೆ ಎಂದು ಕೇಳಿದರೆ ಹುಡುಗ ಕಷ್ಟಪಟ್ಟು ಕನ್ನಡದಲ್ಲೇ ಹೇಳಿದ: "ನೋವು ಕಮ್ಮಿ ಆಗಿಟ್ಟದೆ ಡಾಕ್ಟ್ರಮ್ಮ." ತಾಯಿ ಜೋರಾಗಿ ನಕ್ಕರು. ದಿನಾ ಒಂದೊಂದು ಮಾತು ಕಲಿಸುತ್ತಿದ್ದಾರಂತೆ.

ಅವನನ್ನು ಜೆಸಿಂತಾ ತೂಕ ನೋಡಲು ಕರೆದುಕೊಂಡು ಹೋದಾಗ ನಾವಿಬ್ಬರೇ ಉಳಿದೆವು. ಈಗಲೂ ಮಧ್ಯಾಹ್ನ ಮಂಚದ ಪಕ್ಕ ಕೂತಿರುತ್ತೇನೆ ಎಂದರು ವೀರಮ್ಮ. ವೈದ್ಯೆ ಕೇಳಬಾರದ ಪ್ರಶ್ನೆ ಅದು, ಆದರೂ ನಾನು ಕೇಳಿದೆ.

"ದೊಡ್ಡವ ಬತ್ತಾನಾ ಅಕ್ಕಾ?"

ಆಕೆ ಬುಟ್ಟಿಯಿಂದ ಒಂದು ಗೊಂಚಲು ತೆಗೆದು ನನ್ನ ಕೈಗಿಟ್ಟರು.

"ಇಲ್ಲ. ಅವನ್ಗೆ ಸಳಿ ಬುಟ್ಟಿರ್ಬೇಕು."